ಟೇಪಿನಾಕಿ

ಆಗ ನನಗ ಅರವತ್ತೆರಡು ವರ್ಷ. ಅದಕ್ಕ ಈಗ ಒಂಬತ್ತು ವರ್ಷ ಆತು. ಖಾನಾಪುರದ ಊರ ಹೊರಗ, ವಯಸ್ಸಾದವರನ್ನು ಇಟ್ಟು ನೋಡಿಕೊಳ್ಳುವ ಒಂದು ಮನಿಯೊಳಗ ನಾನು ಆಯಾ ಕೆಲಸಕ್ಕಿದ್ದೆ. ಅಲ್ಲಿಗೆ ರವಿವಾರಕ್ಕೊಮ್ಮೆ, ಕೊರಳಾಗ ಅಳತಿ ಟೇಪು ಹಾಕಿಕೊಂಡು, ತನ್ನ ಅತ್ತಿಯನ್ನು ನೋಡಾಕ ಒಬ್ಬಾಕಿ ಬರ್ತಿದ್ದಳು. ದರ್ಜಿ ಕೆಲಸದಾಕಿ. ಬೆನ್ನ ಹಿಂದ ನಾವು ಆಕಿಗೆ ಟೇಪಿನಾಕಿ ಅಂತಿದ್ದೆವು. ಹೋದ ತಿಂಗಳು ತೀರಿಕೊಂಡಳು. ಮಷೀನಿನ ಮುಂದ ಕುಂತಾಕಿ ಹಂಗ ಬಾಜೂಕ ವಾಲಿದಳು, ಅಷ್ಟ.

ಅಳಾಕ ಅಂತ ಬರಿಯಾಕ ಕುಂತಿಲ್ಲ. ಸಿಟ್ಟು ಬಂದು ಕುಂತೀನಿ.

ಮಣ್ಣಿಗೆ ಹೋಗಿದ್ದೆ. ಚರ್ಚಿನ ಕಡೀ ಬೆಂಚಿನ ಮ್ಯಾಲೆ ಕುಂತಿದ್ದೆ. ಆಕಿ ಗಂಡನ ಅಣ್ಣ, ಬೆಳಗಾವಿ ಮಹಾಂತೇಶ ನಗರದಾವ, ಮೈಕಿನ ಮುಂದ ನಿಂತ. "ಬಹಳ ಶಾಂತ ಸ್ವಭಾವದ ಹೆಣ್ಣುಮಗಳು. ಯಾರಿಗೂ ಒಂದು ಬಿರುಸು ಮಾತು ಆಡಿದಾಕಿ ಅಲ್ಲ. ನಮ್ಮ ತಾಯಿಯನ್ನ ನಾವೆಲ್ಲಾರೂ ಕೂಡಿ ಕಡೀತನಕ ನೋಡ್ಕೊಂಡ್ವಿ" ಅಂದ. ಮಂದಿ ತಲಿ ಆಡಿಸಿದರು. ಎದ್ದು ಹೊರಗ ಹೋಗಬೇಕು ಅನಸ್ತು. ಮೊಣಕಾಲು ಏಳಾಕ ಬಿಡಲಿಲ್ಲ. ಕುಂತು ಕೇಳಿದೆ.

ಆಕಿ ಶಾಂತ ಇದ್ದಿಲ್ಲ. ಬಾಯಾಗ ಯಾವಾಗಲೂ ನಾಲ್ಕು ಗುಂಡುಸೂಜಿ ಕಚ್ಚಿಕೊಂಡಿರ್ತಿದ್ದಳು. ಸೂಜಿ ತೆಗೆದ ಮ್ಯಾಲೂ ಮಾತು ಸೂಜಿಯಂಗ ಬರ್ತಿದ್ದವು. ಸತ್ತ ಮ್ಯಾಲೆ ಆಕಿ ಸಿಟ್ಟನ್ನ ಯಾರೋ ಕದ್ದುಕೊಂಡು ಹೋದರಲ್ಲ, ಅದನ್ನ ನನಗ ತಡಕೊಳ್ಳಾಕ ಆಗಲಿಲ್ಲ. ಅದು ಒಂದ ಆಕಿ ಆಸ್ತಿ ಇತ್ತು.

ನಾನು ಬೀಡಿ ಅನ್ನೂ ಊರಾಕಿ. ಸಾಲಿ ಎರಡನೇ ಇಯತ್ತೆ ತನಕ. ಗಂಡ ಸತ್ತ ಮ್ಯಾಲೆ ಖಾನಾಪುರಕ್ಕ ಬಂದು ಆ ಕೆಲಸ ಹಿಡದೆ. ಹೆಂಗಸರ ಖೋಲಿಯೊಳಗ ಹನ್ನೆರಡು ಕಾಟು. ಬಾಗಲ ಬಾಜೂಕ ಮೊಳೆಗೆ ಒಂದು ಪುಸ್ತಕ ತೂಗಹಾಕಿರ್ತಿದ್ದರು. ಒಂದೊಂದು ಕಾಟಿನ ಮುಂದ ಮುಂಜಾನೆ, ಮಧ್ಯಾಹ್ನ, ಸಂಜಿ ಬರೀಬೇಕು. ಅದಕ್ಕ ಬೇಕಾದದ್ದು ನಾಲ್ಕ ಮಾತು. ಉಂಡರು. ಉಣಲಿಲ್ಲ. ಹೊರಕಡಿಗೆ ಆತು. ಹೊರಕಡಿಗೆ ಆಗಲಿಲ್ಲ. ಮ್ಯಾನೇಜರ್ ಒಂದು ಹಾಳಿ ಮ್ಯಾಲೆ ಈ ನಾಲ್ಕು ಬರದು ಕೊಟ್ಟಿದ್ದ, ನೋಡಿ ನೋಡಿ ಕಲತೆ. ಉಳಿದ ಅಕ್ಷರ ಆಮ್ಯಾಲೆ ಬಂದವು. ಇಷ್ಟು ಬರಿಯಾಕ ಹದಿನೈದು ದಿನ ಹಿಡದೈತಿ, ತಪ್ಪಿದ್ದರ ಇರ್ಲಿ.

ಅಲ್ಲಿ ಹೆಸರು ನಡೀತಿದ್ದಿಲ್ಲ. ಆಕಿ ಅತ್ತಿ ಮೂರನೇ ಕಾಟು. ಈಕಿ ಮೂರನೇ ಕಾಟಿನ ಸೊಸಿ. ನಾನು ಎಲ್ಲಾರಿಗೂ ಮಾವಶಿ. ಒಂಬತ್ತು ವರ್ಷ ಕೂಡಿ ಇದ್ದರೂ ಆಕಿ ನನ್ನ ಹೆಸರು ಕೇಳಲಿಲ್ಲ. ನಾನೂ ಆಕಿನ್ನ ಹೆಸರು ಹಿಡದು ಕರೀಲಿಲ್ಲ. ಈಗೂ ಬರಿಯೂದಿಲ್ಲ.

ಕೊಂಕಣಿ ಮಾತಾಡೋ ಕ್ರಿಶ್ಚನ್ ಮಂದಿ ಅವರು. ಮುದುಕಿಗೆ ಮೂರು ಮಕ್ಕಳು. ದೊಡ್ಡ ಮಗ ಮಹಾಂತೇಶ ನಗರದಾಗ, ಆಫೀಸಿನ ಕೆಲಸದಿಂದ ರಿಟೈರ್ ಆದಾವ. ಮಗಳು ಸದಾಶಿವನಗರದಾಗ, ಸಾಲಿ ಟೀಚರ್. ಸಣ್ಣ ಮಗ ಈಕಿ ಗಂಡ, ಸತ್ತು ಆರು ವರ್ಷ ಆಗಿತ್ತು. ಅವ ಸತ್ತ ಮ್ಯಾಲೂ ಅತ್ತಿ ಸೊಸಿ ಖಾನಾಪುರದಾಗ ಹೊಲಿಗಿ ಅಂಗಡಿ ಹಿಂದಿನ ಎರಡು ಖೋಲಿಯೊಳಗ ಕೂಡಿ ಇದ್ದರು. ಮುದುಕಿ ಬಚ್ಚಲದಾಗ ಜಾರಿ ಬಿದ್ದು ಸೊಂಟದ ಚಪ್ಪಿ ಮುರಕೊಂಡಳು. ಆಪರೇಶನ್ ಆತು. ಆಮ್ಯಾಲೆ ಬುದ್ಧಿನೂ ಜಾರಿತು, ನುಂಗೂದೂ ಮರತಳು. ಆಗ ದೊಡ್ಡ ಮಗ ಬಂದು, "ಹುಷಾರಾಗೂತನಕ" ಅಂತ ಹೇಳಿ, ಸಹಿ ಮಾಡಿ ನಮ್ಮಲ್ಲಿ ಬಿಟ್ಟು ಹೋದ. ಸಹಿ ಮಾಡಿದಾವ ಬಂದರ ಮಾತ್ರ ಮುದುಕಿನ್ನ ಹೊರಗ ಬಿಡಬೇಕು, ಅದು ಅಲ್ಲಿನ ಕಾಯಿದೆ. ಸೊಸಿಗೆ ರವಿವಾರದ ಭೇಟಿ ಒಂದ ಉಳೀತು.

ಮೊದಲನೇ ರವಿವಾರ ಬಂದಾಕಿ ಅತ್ತಿ ಮಾರಿ ನೋಡಲಿಲ್ಲ, ಮಾತಾಡಿಸಲಿಲ್ಲ. ಕೊರಳಿನ ಟೇಪು ತೆಗೆದಳು. ಮುದುಕಿ ನಡುತೋಳಿಗೆ ಸುತ್ತಿದಳು. ಬಟ್ಟಿಗೆ ಗುರುತು ಹಾಕೂ ಚಾಕ್‌ಪೀಸಿನಿಂದ ಅಂಗೈ ಮ್ಯಾಲೆ ಏನೋ ಬರಕೊಂಡಳು.

"ಏನ್ ಮಾಡಾಕ ಹತ್ತೀರಿ?" ಅಂದೆ.

"ಅಳತಿ."

"ಬ್ಲೌಸ್ ಹೊಲೀತೀರೇನು ಇವರಿಗೆ?"

"ಇಲ್ಲ ಮಾವಶಿ. ನೀವು ಏನ್ ಉಣಸ್ತೀರಿ ನೋಡೂಣು ಅಂತ."

ನನ್ನ ಮೈ ಉರೀತು. ಹನ್ನೆರಡು ಮಂದಿ ಹೇಲು ಬಾಚಿದ ಕೈ ಇದು, ಇದರ ಮ್ಯಾಲೆ ಒಬ್ಬ ದರ್ಜಿ ಸಂಶಯ ಪಟ್ಟಳಲ್ಲ ಅಂತ. ಆವತ್ತು ತೋಳು ಒಂಬತ್ತು ಇಂಚು ಇತ್ತು. ಮುಂದಿನ ರವಿವಾರ ಎಂಟೂಮುಕ್ಕಾಲು. ದಸರಾ ಕಳೆಯೂದರೊಳಗ ಎಂಟೂಕಾಲು. ಒಂದು ದಿನ ಮ್ಯಾನೇಜರನ್ನ ಹಿಡದು ಕೇಳಿದಳು. ಅವ, "ಗಾಳಿ ಬದಲಾತಂದ್ರ ಸ್ವಲ್ಪ ಇಳೀತಾರ್ರೀ" ಅಂದ.

"ನಮ್ಮನಿಯಿಂದ ಇಲ್ಲಿಗೆ ಎರಡು ಕಿಲೋಮೀಟರ್ ಐತ್ರಿ. ಅಷ್ಟರಾಗ ಯಾವ ಗಾಳಿ ಬದಲಾತು?"

ಮ್ಯಾನೇಜರ್ ಮೋಬೈಲ್ ಬಂದಂಗ ಮಾಡಿ ಹೊರಗ ಹೋದ. ನಾವು ಆಯಾಗಳು ಸೆರಗು ಬಾಯಿಗೆ ಹಿಡದು ನಕ್ಕೆವು. ಅವ ಹೋದ ಮ್ಯಾಲೆ ಆಕಿ ನಮ್ಮ ಕಡೆ ತಿರುಗಿ, "ನೀವ್ಯಾಕ ನಗತೀರಿ? ಚಮಚ ಇರೂದು ನಿಮ್ಮ ಕೈಯಾಗ" ಅಂದಳು. ನಗು ನಿಂತಿತು.

ಉಣಸೂದರೊಳಗ ಆಕಿದು ಒಂದು ರೀತಿ ಇತ್ತು. ಚಮಚದ ಬೆನ್ನಿನಿಂದ ಮುದುಕಿ ಕೆಳತುಟಿ ಮುಟ್ಟಿ ಸುಮ್ನ ಕುಂದರ್ತಿದ್ದಳು. ಬಾಯಿ ತಾನಾಗೇ ತೆರೀಬೇಕು. ಒಂದು ಚಮಚ ಗಂಜಿ. ಆಮ್ಯಾಲೆ ಒಂದು ಖಾಲಿ ಚಮಚ. ಖಾಲಿ ಚಮಚ ಬಾಯಾಗ ಹೋದರ ಉಳಿದದ್ದನ್ನ ಮತ್ತೊಮ್ಮೆ ನುಂಗ್ತಾರ. ಗಲ್ಲದಾಗ ಏನೂ ಉಳಿದಿಲ್ಲ ಅಂತ ಬಟ್ಟು ಹಾಕಿ ನೋಡಿ, ಮತ್ತ ತುಂಬಿದ ಚಮಚ. ಒಂದು ವಾಟಗಾ ಗಂಜಿಗೆ ಐವತ್ತು ಮಿನಿಟು. ನಾನು ಮೂರು ಮಿನಿಟಿನಾಗ ಎರಡು ಚಮಚ ಹಾಕಿ, ಬಾಯಿ ಮುಚ್ಚಿದರ ಮುಂದಿನ ಕಾಟಿಗೆ ಹೋಗ್ತಿದ್ದೆ.

"ಹಿಂಗ ಉಣಸಬೇಕ್ರಿ" ಅಂದಳು ನನಗ.

"ಹನ್ನೆರಡು ಮಂದಿ ಅದಾರ. ಒಬ್ಬೊಬ್ಬರಿಗೆ ಐವತ್ತು ಮಿನಿಟ ಕುಂತರ ಮುಂಜಾನೆದ್ದು ಮುಗಿಯೂದ್ರೊಳಗ ಸಂಜಿ ಆಗ್ತೈತಿ. ನನಗ ಎಷ್ಟು ಕೈ ಅದಾವ?"

"ಎರಡ ಅದಾವ, ಗೊತ್ತೈತಿ. ಆಗೂದಿಲ್ಲಂದ್ರ ಆಗೂದಿಲ್ಲ ಅಂತ ಬರೀರಿ. ಉಂಡರು ಅಂತ ಯಾಕ ಬರೀತೀರಿ?"

ನಾ ವಾಟಗಾ ತಗೊಂಡು ಮುಂದಿನ ಕಾಟಿಗೆ ಹೋದೆ. ಉತ್ತರ ಏನಂದರ, ಉಣಲಿಲ್ಲ ಅಂತ ಬರದರ ಡಾಕ್ಟರಿಗೆ ಫೋನು, ಮನ್ಯಾವರಿಗೆ ಫೋನು, ಮ್ಯಾನೇಜರ್‌ನ ಕಡೆಯಿಂದ ಬೈಗಳ. ಉಂಡರು ಅಂತ ಬರದರ ಏನೂ ಇಲ್ಲ. ಮ್ಯಾನೇಜರ್ ಹಂಗ ಬರಿ ಅಂತ ಹೇಳಿದ್ದೂ ಖರೇ. ಆದರ ಅವನ ಮ್ಯಾಲೆ ಹಾಕಿ ನಾ ಪಾರಾಗೂದಿಲ್ಲ. ಪೆನ್ನು ನನ್ನ ಕೈಯಾಗ ಇತ್ತು.

ದಿನಾ ಮಧ್ಯಾಹ್ನ ಬಂದು ತಾನ ಉಣಸ್ತೀನಿ ಅಂತ ಕೇಳಿಕೊಂಡಳು. ಒಬ್ಬರಿಗೆ ಬಿಟ್ಟರ ಎಲ್ಲಾರೂ ಬರ್ತಾರ ಅಂತ ಮ್ಯಾನೇಜರ್ ಬ್ಯಾಡ ಅಂದ. ಎಲ್ಲಾರೂ ಯಾರು? ಹನ್ನೆರಡು ಕಾಟಿಗೆ ರವಿವಾರ ಬರೂದ ಮೂರು ಮಂದಿ.

ಮುಂದ ಏನಾತು ಅನ್ನೂದನ್ನ ಇಲ್ಲೇ ಹೇಳಿಬಿಡ್ತೀನಿ. ಮುದುಕಿ ಜನವರಿಯೊಳಗ ಸೊಸಿ ಮನಿಗೆ ಹೋದಳು. ಅಲ್ಲಿ ಹದಿನಾಲ್ಕು ತಿಂಗಳು ಬದುಕಿದಳು. ತೋಳು ಎಂಟೂವರಿ ತನಕ ಏರಿತು, ಅದರ ಮ್ಯಾಲೆ ಏರಲಿಲ್ಲ. ನನ್ನ ಕೆಲಸ ಹೋತು. ಆಕಿ ಅಂಗಡಿಯೊಳಗ ಗುಂಡಿ ಹಚ್ಚೂದು, ಕಾಜಾ ಮಾಡೂದು ನನ್ನ ಕೆಲಸ ಆತು. ಮಧ್ಯಾಹ್ನ ಒಳಗ ಹೋಗಿ ಮುದುಕಿಗೆ ಉಣಸೂದೂ ನನ್ನ ಕೆಲಸನ. ಒಂದು ತುಂಬಿದ ಚಮಚ, ಒಂದು ಖಾಲಿ ಚಮಚ. ಆಕಿ ಮಷೀನ್ ತುಳಿಯೂದು ನಿಲ್ಲಿಸಿ ಬಾಗಲದಾಗ ನಿಂತು ನೋಡ್ತಿದ್ದಳು. ನನ್ನ ಮ್ಯಾಲೆ ನಂಬಿಕಿ ಬಂತು ಅಂತ ತಿಳಕೋಬ್ಯಾಡ್ರಿ. ಬರಲಿಲ್ಲ. ಒಂಬತ್ತು ವರ್ಷ ದಿನಾ ಮಧ್ಯಾಹ್ನ ನಾ ಡಬ್ಬಿ ತೊಳೆದು ಬಂದರ ಸಾಕು:

"ಉಂಡೀರಿ?"

"ಉಂಡೆ."

"ಖರೇನ?"

ಬಾಜೂಕ ಕುಂತ ಗಿರಾಕಿಗಳು ನಗ್ತಿದ್ದರು, ಅವರಿಗೆ ಅದು ಚಾಷ್ಟಿ. ನನಗ ಪ್ರತಿ ಸಲ ಬೆನ್ನಿಗೆ ಬರೆ ಕೊಟ್ಟಂಗ ಆಗ್ತಿತ್ತು. ಒಂದು ಸಲ ಡಬ್ಬಿ ಒಗದು, "ಎಷ್ಟು ವರ್ಷ ಕೇಳ್ತಿ ಇದನ್ನ?" ಅಂದೆ. ಆಕಿ ಬಾಯಿಂದ ಸೂಜಿ ಸೈತ ತೆಗೀಲಿಲ್ಲ. "ನೀವು ನೂರಾ ಹತ್ತು ದಿನ ಬರದೀರಿ. ನಾ ಅಷ್ಟು ವರ್ಷ ಕೇಳಬೇಕು, ಆದ್ರ ಅಷ್ಟು ಆಯುಷ್ಯ ಇಲ್ಲ" ಅಂದಳು. ಇದು ಶಾಂತ ಸ್ವಭಾವ.

ಎಲ್ಲಾರ ಕೂಡನೂ ಹಂಗ. ಊರಾಗಿನ ದೊಡ್ಡ ಮನಿ ಹೆಣ್ಣುಮಗಳೊಬ್ಬಾಕಿ ಬಂದು, ಬ್ಲೌಸು ಬಿಗಿ ಆಗೈತಿ, ನೀ ಅಳತಿ ತಪ್ಪೀದಿ ಅಂದಳು. ಈಕಿ ಎಲ್ಲಾರ ಮುಂದ ಟೇಪು ಸುತ್ತಿ, "ಹೋದ ವರ್ಷ ಹನ್ನೆರಡು, ಈ ವರ್ಷ ಹದಿಮೂರೂವರಿ. ಟೇಪಿಗೆ ನಾ ಏನೂ ಹೇಳಿಕೊಟ್ಟಿಲ್ರಿ" ಅಂದಳು. ಆ ಗಿರಾಕಿ ಮತ್ತ ಬರಲಿಲ್ಲ. ನನ್ನ ಬ್ಲೌಸನ್ನ ಮೊದಲನೇ ದಿನ ನೋಡಿದಾಕಿ, "ಇದನ್ನ ಹೊಲಿದಾವನ ಮ್ಯಾಲೆ ಕೇಸ್ ಹಾಕ್ರಿ" ಅಂದಿದ್ದಳು. ಹೊಸಾದು ಹೊಲಿದು ಕೊಟ್ಟಳು. ಕೊಡುವಾಗ ಒಂದು ಛಲೋ ಮಾತು ಆಡಲಿಲ್ಲ, ಮಷೀನಿನ ಮ್ಯಾಲಿಂದ ನನ್ನ ಮಡಿಲಿಗೆ ಒಗದಳು.

ಆಕಿ ನನ್ನನ್ನ ಕ್ಷಮಿಸಲಿಲ್ಲ. ಕ್ಷಮಿಸಿದಂಗ ನಾಟಕನೂ ಮಾಡಲಿಲ್ಲ. ಅದಕ್ಕ ಅಲ್ಲಿ ಒಂಬತ್ತು ವರ್ಷ ಕುಂತೆ ಅನಸ್ತೈತಿ.

ಈಗ ಆ ಕ್ರಿಸ್ಮಸ್ ದಿನದ್ದು ಹೇಳ್ತೀನಿ. ಅವರು ಅದಕ್ಕ ನಾತಾಳ ಅಂತಾರ. ನಾತಾಳಕ್ಕ ಅವರ ಮನಿಯೊಳಗ ವಾರ ಮೊದಲ ಎಣ್ಣಿ ಇಡ್ತಾರ. ನಮ್ಮ ಕರ್ಚಿಕಾಯಿ ಇದ್ದಂಗ ನೇವರಿ, ಹಣಿಗಿ ಮ್ಯಾಲೆ ಹಿಟ್ಟು ಒತ್ತಿ ಸುರುಳಿ ಮಾಡಿ ಕರದ ಕುಲಕುಲ, ತೆಂಗಿನ ಹಾಲು ಬೆಲ್ಲ ಕಾಸಿದ ದೋದೋಲ. ತಾಟಿನಾಗ ಇಟ್ಟು, ಬಟ್ಟಿ ಮುಚ್ಚಿ, ಓಣಿಯೊಳಗ ಎಲ್ಲಾರ ಮನಿಗೂ ಕಳಸ್ತಾರ. ಈ ಮುದುಕಿ ನೇವರಿ ಅಂಚನ್ನ ಚಕ್ರದಿಂದ ಕತ್ತರಿಸ್ತಿದ್ದಿಲ್ಲಂತ, ಉಗರಿನಿಂದ ಚಿವುಟಿ ಜಡಿ ಹೆಣೆದಂಗ ಮಾಡ್ತಿದ್ದಳಂತ. ಖಾನಾಪುರದ ಚರ್ಚಿನ ಮಂದಿಗೆ ತಾಟು ನೋಡಿದರ ಸಾಕು, ಯಾರ ಮನೀದು ಅಂತ ತಿಳೀತಿತ್ತಂತ.

ಹನ್ನೊಂದು ಗಂಟೆಗೆ ಬೆಳಗಾವಿಯಿಂದ ಎರಡು ಕಾರು ಬಂದವು. ದೊಡ್ಡ ಮಗ, ಅವನ ಹೆಂಡತಿ, ಮಗಳು, ಮೊಮ್ಮಕ್ಕಳು. ದಸರಾದಿಂದ ಈಚೆ ಅವರು ಬಂದದ್ದು ಆವತ್ತ. ಖೋಲಿ ತುಂಬ ಸೆಂಟಿನ ವಾಸನಿ. ಮಗಳು ತಾಯಿ ತಲಿಗೆ ಒಂದು ಕೆಂಪು ಟೊಪಗಿ ಹಾಕಿದಳು, ತುದಿಗೆ ಬಿಳಿ ಗೊಂಡೇದ್ದು. ಹಾಡು ಹೇಳಿದರು. ಹಾಡು ಛಲೋ ಇತ್ತು, ಸುಳ್ಳ ಯಾಕ ಹೇಳಲಿ. ಬಾಜೂ ಕಾಟಿನಾಕಿ ಚಪ್ಪಾಳಿ ಹೊಡದಳು. ಆಮ್ಯಾಲೆ ಕೇಕು ಕತ್ತರಿಸಿ, ಮಗಳು ಒಂದು ದೊಡ್ಡ ತುಂಡು ತಾಯಿ ಬಾಯಿಗಿಟ್ಟಳು. "ಮಮ್ಮಿ, ಇಲ್ಲಿ ನೋಡು, ಇಲ್ಲಿ" ಅಂತ ಫೋಟೋ ತಗೊಂಡರು. ಮುದುಕಿ ನೋಡಲಿಲ್ಲ. ಕೇಕು ಗಲ್ಲದಾಗ ಕುಂತಿತು.

ಅಷ್ಟೊತ್ತಿಗೆ ಈಕಿ ಚರ್ಚಿನಿಂದ ನಡಕೊಂಡು ಬಂದಳು. ಹಳೇ ಸೀರಿ, ಕೊರಳಾಗ ಟೇಪು. ಯಾರಿಗೂ ಹಬ್ಬದ ಮಾತು ಆಡಲಿಲ್ಲ. ನೆಟ್ಟಗ ಹೋಗಿ ಅತ್ತಿ ಬಾಯಾಗ ಬಟ್ಟು ಹಾಕಿ ಕೇಕು ಹೊರಗ ತೆಗೆದಳು.

"ಏನ್ ಮಾಡಾಕ ಹತ್ತಿ ನೀ?" ಅಂದಳು ಮಗಳು. "ಹಬ್ಬದ ದಿನ ಒಂದು ತುತ್ತು ಸಿಹಿ ತಿಂತಿದ್ಳು."

"ತಿಂತಿದ್ದಿಲ್ಲ ಅಕ್ಕಾರ. ಗಂಟಲಕ್ಕ ಸಿಗತಿತ್ತು."

ಕೈ ಒರಸಿಕೊಂಡಳು. ಮಗಳ ಕಣ್ಣು ಆಕಿ ಕೈ ಮ್ಯಾಲೆ ಹೋತು, ಖಾಲಿ ಕೈ.

"ನೇವರಿ ಎಲ್ಲೆ? ಪ್ರತಿ ವರ್ಷ ಡಬ್ಬಿ ತುಂಬ ತರ್ತಿದ್ದಿ."

"ಕರದಿಲ್ಲ."

"ಮನಿಗೆ ನಕ್ಷತ್ರನೂ ಕಟ್ಟಿಲ್ಲಂತ, ದಾರಿಯಾಗ ಹೇಳಿದ್ರು."

"ಹೌದು. ದುಃಖದ ಮನಿಯಾಗ ಎಣ್ಣಿ ಇಡೂದಿಲ್ಲ, ನಕ್ಷತ್ರ ಕಟ್ಟೂದಿಲ್ಲ. ನಿಮಗೂ ಗೊತ್ತೈತಿ."

ಅವರವರೊಳಗ ಅವರು ಕೊಂಕಣಿ ಆಡೋ ಮಂದಿ. ಆವತ್ತು ಈಕಿ ನಮಗ ಕೇಳಲಿ ಅಂತನ ಕನ್ನಡ ಹಿಡದಿದ್ದಳು. ಅವರೂ ಅದರಾಗ ಸಿಕ್ಕಿಬಿದ್ದರು. ಅವರ ಪದ್ಧತಿ ನನಗ ಆವತ್ತ ತಿಳೀತು. ಮನಿಯೊಳಗ ಯಾರಾದರೂ ತೀರಿಕೊಂಡ ವರ್ಷ ನಾತಾಳಕ್ಕ ಏನೂ ಕರಿಯೂದಿಲ್ಲ, ದೀಪ ಹಚ್ಚಿ ನಕ್ಷತ್ರ ತೂಗಹಾಕೂದಿಲ್ಲ. ಓಣಿ ಮಂದಿ ಆ ಮನಿಗೆ ತಾಟು ಕಳಸ್ತಾರ. ಜೀವ ಇದ್ದವರಿಗೆ ಹಂಗ ಮಾಡಿದ್ದನ್ನ ಯಾರೂ ಕಂಡಿದ್ದಿಲ್ಲ.

ದೊಡ್ಡ ಮಗ ಕುರ್ಚಿ ಬಿಟ್ಟು ಎದ್ದ. "ತಾಯಿ ಕಣ್ಣ ಮುಂದ ಕುಂತಾಳ. ಆಕಿಗೆ ಸೂತಕ ಹಿಡದಿ? ಯಾವ ನಾಲಿಗಿ ನಿಂದು?"

"ನೀವು ಸಾಯಾಕ ಬಿಟ್ಟೀರಿ ಭಾವಾರ. ನಾ ಸ್ವಲ್ಪ ಮೊದಲ ಅಳಾಕ ಹತ್ತೀನಿ, ಅಷ್ಟ."

ಟೇಪು ತೆಗೆದಳು. ಮುದುಕಿ ತೋಳಿಗೆ ಸುತ್ತಿ, ಎಲ್ಲಾರಿಗೂ ಕಾಣೂವಂಗ ಹಿಡದಳು. "ಬಂದ ದಿನ ಒಂಬತ್ತು. ಇವತ್ತು ಏಳೂಕಾಲು. ನನ್ನ ಮನಿಗೆ ಕೊಡ್ರಿ. ನಿಮ್ಮ ಸಹಿ ಒಂದ ಬೇಕು, ಮತ್ತೇನೂ ಕೇಳೂದಿಲ್ಲ."

"ನೀ ದಿನಪೂರ್ತಿ ಮಷೀನ್ ತುಳೀತಿ. ಆಕಿ ಮತ್ತ ಬಿದ್ರ?"

"ಬೀಳಲಿ. ಉಂಡು ಬೀಳಲಿ."

"ನೋಡ್ರಿ ಇದರ ಮಾತು" ಅಂದ ಅವ ಮ್ಯಾನೇಜರ್‌ಗೆ. ಮ್ಯಾನೇಜರ್ ಅದಕ್ಕ ಕಾಯ್ತಿದ್ದಂಗ ಮೊಳೆಯಿಂದ ಪುಸ್ತಕ ತೆಗೆದು ಕೊಟ್ಟ. "ಎಲ್ಲಾ ಬರದಿಡ್ತೀವ್ರಿ ನಾವು. ನೀವ ಓದ್ರಿ."

ಅವ ಕನ್ನಡಕ ಹಾಕಿಕೊಂಡು ಓದಿದ. ಚರ್ಚಿನೊಳಗ ಗ್ರಂಥ ಓದಿ ರೂಢಿ ಇದ್ದಾವ, ದನಿ ಛಲೋ ಇತ್ತು. "ಮೂರನೇ ಕಾಟು. ನಿನ್ನೆ ಮುಂಜಾನೆ, ಉಂಡರು. ಮಧ್ಯಾಹ್ನ, ಉಂಡರು. ಸಂಜಿ, ಉಂಡರು. ಮೊನ್ನೆ ಮುಂಜಾನೆ, ಉಂಡರು." ಹಾಳಿ ತಿರವಿದ. ಉಂಡರು. ಉಂಡರು. ನಾನು ಗ್ವಾಡಿಗೆ ಆತುಕೊಂಡು ನಿಂತಿದ್ದೆ. ನಾ ಬರದದ್ದನ್ನ ಒಬ್ಬರು ದೊಡ್ಡ ದನಿಯಿಂದ ಓದಿದ್ದನ್ನ ಜನ್ಮದಾಗ ಮೊದಲನೇ ಸಲ ಕೇಳಿದೆ. ನನ್ನ ಉಕಾರದ ಕೊಂಬು ಹೆಂಗಿರ್ತಿತ್ತು, ಯಾವ ದಿನ ಪೆನ್ನು ಮೂಡದ ಎರಡು ಸಲ ತಿದ್ದಿದ್ದೆ, ಎಲ್ಲಾ ನೆನಪಾತು.

ಆಕಿ ಅವನ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿದಳು.

"ಮಾವಶಿ. ನಿನ್ನೆ ಮಧ್ಯಾಹ್ನ ಉಂಡಾರೇನು?"

ಹದಿಮೂರು ಮಂದಿ ನನ್ನ ಮಾರಿ ನೋಡಿದರು. ಮ್ಯಾನೇಜರ್ ಕೆಮ್ಮಿದ.

"ಉಂಡಾರಲ್ರಿ" ಅಂದೆ.

"ಎಷ್ಟು?"

"ಒಂದು ವಾಟಗಾ ಗಂಜಿ."

ಎರಡು ಚಮಚ ಹಾಕಿದ್ದೆ. ಒಂದು ಕುತಗಿ ಮ್ಯಾಲೆ ಸುರಿದು ಹೋಗಿತ್ತು.

ಆಕಿ ಬೈತಾಳ ಅಂತ ಮಾಡಿದ್ದೆ. ಬೈಲಿಲ್ಲ. ಟೇಪನ್ನ ಬೆರಳಿಗೆ ಸುತ್ತಿ ಸುತ್ತಿ ಸುರುಳಿ ಮಾಡಿದಳು. ಅತ್ತಿ ತಲಿ ಮ್ಯಾಲಿನ ಕೆಂಪು ಟೊಪಗಿ ತೆಗೆದು ಮಗಳ ಕೈಯಾಗ ಕೊಟ್ಟಳು. ಮುದುಕಿ ಕೂದಲು ಎರಡೂ ಕೈಯಿಂದ ಸವರಿ ಕೂಡಿಸಿದಳು. ಹೊರಗ ಹೋದಳು. ದೊಡ್ಡ ಮಗ ಪುಸ್ತಕ ಮುಚ್ಚಿ, "ದುಃಖ ಐತಿ ಆಕಿಗೆ, ಗಂಡ ಹೋದಾಗಿಂದ ಹಿಂಗ" ಅಂದ. ಮಗಳು ಟೊಪಗಿಯನ್ನ ತಾಯಿ ತಲಿಗೆ ಮತ್ತ ಹಾಕಿದಳು. ಮ್ಯಾನೇಜರ್ ನನ್ನ ಹೆಗಲು ತಟ್ಟಿ, "ನಮ್ಮ ಮಾವಶಿ ಇದ್ದರ ನಮಗ ಚಿಂತಿ ಇಲ್ರಿ" ಅಂತ ಹೇಳಿ ದೊಡ್ಡ ತುಂಡು ಕೇಕು ಕೊಟ್ಟ. ಹಸಿವಿತ್ತು. ತಿಂದೆ.

ಸಂಜಿಗೆ ಮೈ ಒರಸೂ ಹೊತ್ತು. ಮೂರನೇ ಕಾಟಿಗೆ ಬಂದೆ. ಯಾಕೋ ಏನೋ, ಮುದುಕಿ ತೋಳನ್ನ ನನ್ನ ಹೆಬ್ಬಟ್ಟು ನಡುಬಟ್ಟಿನಿಂದ ಸುತ್ತಿ ಹಿಡದೆ. ಎರಡೂ ಬಟ್ಟು ಕೂಡಿದವು. ಒಳಗ ಬರೇ ಎಲುಬು ಕೈಗೆ ಹತ್ತಿತು. ಕೈ ತೆಗೆದೆ, ಮತ್ತ ಹಿಡದೆ. ಮೂರೂವರಿ ತಿಂಗಳು ದಿನಾ ಒರಸಿದ ತೋಳು ಅದು. ಆ ಮನಿ ಮ್ಯಾಲೆ ಸಿಟ್ಟು ಬಂತು, ಆ ಮಕ್ಕಳ ಮ್ಯಾಲೆ ಬಂತು, ಎಲ್ಲಾರ ಮುಂದ ನನ್ನ ಕೇಳಿದ ಟೇಪಿನಾಕಿ ಮ್ಯಾಲೂ ಬಂತು. ನನ್ನನ್ನ ಯಾಕ ಕೇಳಬೇಕಿತ್ತು? ಓದಿದಾವನನ್ನ ಕೇಳಬೇಕಿತ್ತು. ಆದರ ಅವನಿಗೆ ಗೊತ್ತಿದ್ದಿಲ್ಲ. ಆ ಖೋಲಿಯೊಳಗ ಖರೇ ಗೊತ್ತಿದ್ದಾಕಿ ನಾ ಒಬ್ಬಾಕಿನ.

ಆ ಪುಸ್ತಕದ ತಿದ್ದಿದ ಹಾಳಿಗಳ ಫೋಟೋ ತೆಗೆದು ಆಕಿ ಭಾವನಿಗೆ, ನಾದಿನಿಗೆ, ಚರ್ಚಿನ ಪಾದ್ರಿಗೆ ಕಳಿಸಿದ್ದು, ವಾರದೊಳಗ ಭಾವ ಓಡಿ ಬಂದು ಸಹಿ ಮಾಡಿದ್ದು ಆಮ್ಯಾಲಿನ ಮಾತು. ಅವನಿಗೆ ನಾಚಿಕಿ ಆಗಲಿಲ್ಲ. ಪಾದ್ರಿ ನೋಡ್ಯಾರ ಅಂತ ಹೆದರಿಕಿ ಆತು. ಅದ ಮನಶ್ಯಾ ಮೈಕಿನ ಮುಂದ ನಿಂತು "ನಾವೆಲ್ಲಾರೂ ಕೂಡಿ" ಅಂದ. ಹದಿನಾಲ್ಕು ತಿಂಗಳದಾಗ ಅವ ಎರಡು ಸಲ ಬಂದ. ಒಂದು ಸಲ ಮಣ್ಣಿಗೆ.

ಮುಂದಿನ ನಾತಾಳಕ್ಕ ಆಕಿ ಎಣ್ಣಿ ಇಟ್ಟಳು, ಬಾಗಲಿಗೆ ನಕ್ಷತ್ರ ಕಟ್ಟಿದಳು. ಹಿಟ್ಟಿನ ಒಂದು ಉಂಡಿ ಮುದುಕಿ ಕೈಯಾಗ ಕೊಟ್ಟಳು. ಮುದುಕಿಗೆ ಮಗ ಯಾರು ಸೊಸಿ ಯಾರು ಗೊತ್ತಿದ್ದಿಲ್ಲ. ಉಗರಿಗೆ ಗೊತ್ತಿತ್ತು. ಚಿವುಟಾಕ ಹತ್ತಿದಳು. ಡೊಂಕು ಡೊಂಕು ಎರಡು ನೇವರಿ ಆದವು, ಎಣ್ಣಿಯೊಳಗ ಬಿಚ್ಚಿ ಹೋದವು. ಟೇಪಿನಾಕಿ ಅವನ್ನ ಯಾರಿಗೂ ಕೊಡಲಿಲ್ಲ. ಕಟ್ಟಿ ಮ್ಯಾಲೆ ನಿಂತು ತಾನ ತಿಂದಳು, ಬಿಸಿ ಬಿಸಿ, ಬಾಯಿ ಸುಟ್ಟುಕೊಂಡು.

ಆದರ ಅದಕ್ಕಿಂತ ಮೊದಲು, ಆ ಕೇಕಿನ ದಿನದ ಮರುದಿನ ಮುಂಜಾನೆ ನಾ ಏನ್ ಮಾಡಿದೆ ಅಂದರ, ಏಳಕ್ಕ ಕೆಲಸಕ್ಕ ಹೋಗಿ ಮೊದಲು ಮೂರನೇ ಕಾಟಿನ ಬಾಜೂಕ ಸ್ಟೂಲ್ ಹಾಕಿಕೊಂಡು ಕುಂತೆ. ಚಮಚದ ಬೆನ್ನಿನಿಂದ ತುಟಿ ಮುಟ್ಟಿ ಕಾದೆ. ತುಂಬಿದ್ದು, ಖಾಲಿ. ತುಂಬಿದ್ದು, ಖಾಲಿ. ಉಳಿದ ಕಾಟಿನವರು ಛಾ ಛಾ ಅಂತ ಒದರಿದರು, ಒಬ್ಬಾಕಿ ನನ್ನ ತಾಯಿ ತನಕ ಹೋಗಿ ಬೈದಳು. ಒಂದು ತಾಸಿಗೆ ಹನ್ನೊಂದು ಚಮಚ ಹೋತು. ಸಾಲಿಯಾಗ ಕಲತ ಅಕ್ಷರ ನೆನಸಿಕೊಂಡು ಪುಸ್ತಕದಾಗ ಬರದೆ: ಹನ್ನೊಂದು ಚಮಚ. ಉಳಿದವರಿಗೆ ಛಾ ಗಂಜಿ ಕೊಟ್ಟು ಮುಗಿಸೂದರೊಳಗ ಒಂಬತ್ತೂವರಿ ಆತು. ಪುಸ್ತಕ ಮೊಳೆಯಿಂದ ತೆಗೆದು ಸೆರಗಿನಾಗ ಸುತ್ತಿ ಊರ ಹಾದಿ ಹಿಡದೆ.

ಅಂಗಡಿ ಬಾಗಲು ಅರ್ಧ ಮುಚ್ಚಿತ್ತು. ಒಳಗ ಬಟ್ಟಿ ಕತ್ತರಿಸೂ ಟೇಬಲ್ ಮ್ಯಾಲೆ ಸಾಲಾಗಿ ಒಂಬತ್ತೋ ಹತ್ತೋ ತಾಟು, ಎಲ್ಲಾದರ ಮ್ಯಾಲೂ ಬಟ್ಟಿ ಮುಚ್ಚಿದ್ದು. ಓಣಿ ಮಂದಿ ಕಳಿಸಿದ್ದರು. ಯಾವುದನ್ನೂ ತೆರೆದಿದ್ದಿಲ್ಲ. ಆಕಿ ಸ್ಟೂಲ್ ಮ್ಯಾಲೆ ಕುಂತು ಸುಮ್ನ ಕತ್ತರಿ ಒರಸ್ತಿದ್ದಳು. ನಾ ಎರಡು ತಾಟು ಬಾಜೂಕ ಸರಿಸಿ ಪುಸ್ತಕ ಇಟ್ಟೆ.

"ಏನಿದು?"

"ನಾ ಬರದದ್ದು. ಖೊಟ್ಟಿ ಐತಿ."

ಆಕಿ ನನ್ನ ಮಾರಿ ನೋಡಲಿಲ್ಲ, ಪುಸ್ತಕ ನೋಡಿದಳು. "ಎಲ್ಲಾನೂ?"

"ಎಲ್ಲಾ ನೆನಪಿಲ್ಲ. ಗಂಜಿ ಚೆಲ್ಲಿದ ದಿನ ನೆನಪೈತಿ. ಹನ್ನೆರಡನೇ ಕಾಟಿನಾಕಿ ಸತ್ತ ದಿನ ಯಾರಿಗೂ ಉಣಸಿಲ್ಲ, ಅದು ನೆನಪೈತಿ. ನಿನ್ನೇದು, ಮೊನ್ನೇದು..."

"ನೆನಪಿದ್ದಷ್ಟು ಹೇಳ್ರಿ." ನೀಲಿ ಚಾಕ್‌ಪೀಸು ತಗೊಂಡಳು, ಹಾಳಿ ಮ್ಯಾಲೆ ಎಳೆದು ನೋಡಿದಳು, ಅಳಿಸಿ ಹೋಗ್ತೈತಿ ಅಂತ ಇಟ್ಟಳು. ಡ್ರಾವರಿನಿಂದ ಕೆಂಪು ಪೆನ್ನು ಹುಡುಕಿದಳು. ಆಮ್ಯಾಲೆ ಕೇಳಿದಳು, "ಉಂಡು ಬಂದೀರಿ?"

"ಉಂಡು ಬಂದೀನಿ."

"ಖರೇನ?"

"ಇಲ್ಲ" ಅಂದೆ.

ಒಂದು ತಾಟಿನ ಮ್ಯಾಲಿನ ಬಟ್ಟಿ ತೆಗೆದು ನನ್ನ ಮುಂದ ಸರಿಸಿದಳು. ಪುಸ್ತಕದ ಮೊದಲನೇ ಹಾಳಿ ತೆರೆದಳು. ನಾನು ಓದಿಕೋತ ಹೋದೆ, ಆಕಿ ಗೆರಿ ಹೊಡಕೋತ ಹೋದಳು.